ಕೆಂಡದ ಕೋಳಿಗೆ ಮನೆಯಲ್ಲೇ ಬಾರ್ಬೆಕ್ಯೂ ಸಾಸ್: ಗೊಜ್ಜು ಮಾಡಲು ಬಂದರೆ ಇದೂ ಬಂದಂತೆ

ನಾನು ಮೊದಲ ಸಲ ಬಾರ್ಬೆಕ್ಯೂ ಮಾಡಿದ್ದು ಮನೆಯ ತಾರಸಿಯ ಮೇಲೆ. ಅಂಗಡಿಯಿಂದ ತಂದ ಒಂದು ಬಾಟಲಿ ಸಾಸನ್ನು ಹಸಿ ಕೋಳಿ ಕಾಲುಗಳಿಗೆ ದಪ್ಪಗೆ ಮೆತ್ತಿ, ನಿಗಿನಿಗಿ ಕೆಂಡದ ಮೇಲಿಟ್ಟೆ. ಐದೇ ನಿಮಿಷಕ್ಕೆ ಕಪ್ಪಾಯಿತು. ಆಹಾ, ಎಂಥ ಬಣ್ಣ ಅಂದುಕೊಂಡೆ. ತಟ್ಟೆಗೆ ಹಾಕಿ ಮುರಿದರೆ ಮೂಳೆಯ ಹತ್ತಿರ ಇನ್ನೂ ಹಸಿ. ಹೊರಗೆ ಇದ್ದಿಲು, ಒಳಗೆ ರಕ್ತ. ಭಾವ ಏನೂ ಅನ್ನಲಿಲ್ಲ. ಸುಮ್ನೆ ಎದ್ದು ಕೆಳಗೆ ಹೋಗಿ ಅನ್ನ ಸಾರು ಬಡಿಸಿಕೊಂಡರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ತಪ್ಪು ಸಾಸ್‌ನದ್ದಲ್ಲ, ಅದನ್ನು ಹಚ್ಚಿದ ಹೊತ್ತಿನದ್ದು ಅಂತ ಆಮೇಲೆ ಗೊತ್ತಾಯಿತು. ಆ ಸಾಸನ್ನು ಮನೆಯಲ್ಲಿ ಮಾಡುವುದು ಎಷ್ಟು ಸುಲಭ ಅಂತ ಗೊತ್ತಾಗಿದ್ದು ಇನ್ನೂ ತಡವಾಗಿ. ಹುಳಿ, ಸಿಹಿ, ಖಾರ, ಉಪ್ಪು ನಾಲ್ಕನ್ನೂ ಹದವಾಗಿ ಸೇರಿಸಿ ಗಟ್ಟಿ ಬರುವವರೆಗೆ ಕುದಿಸುವುದಕ್ಕೆ ನಾವು ಏನಂತೀವಿ? ಗೊಜ್ಜು ಅಂತೀವಿ. ಬಾರ್ಬೆಕ್ಯೂ ಸಾಸ್ ಅಂದರೆ ಹೊಗೆ ತಾಗಿದ ಟೊಮೆಟೊ ಗೊಜ್ಜು. ಒಗ್ಗರಣೆ ಇಲ್ಲ, ವಿನೆಗರ್ ಇದೆ, ಅಷ್ಟೇ ವ್ಯತ್ಯಾಸ.

ಯಾವ ಊರಿನ ಸಾಸ್?

ಅಮೆರಿಕದಲ್ಲಿ ಬಾರ್ಬೆಕ್ಯೂ ಸಾಸ್ ಒಂದೇ ಬಗೆಯದಲ್ಲ. ನಮ್ಮಲ್ಲಿ ಊರಿಗೊಂದು ಸಾರಿನ ಪುಡಿ ಇದ್ದ ಹಾಗೆ ಅಲ್ಲಿ ಸೀಮೆಗೊಂದು ಸಾಸ್. ನಾರ್ತ್ ಕೆರೊಲಿನಾದ ಪೂರ್ವ ಭಾಗದಲ್ಲಿ ಬರೀ ವಿನೆಗರ್, ಮೆಣಸು, ಉಪ್ಪು. ನೀರಿನಷ್ಟು ತೆಳು, ಟೊಮೆಟೊ ಮುಟ್ಟಿಸುವುದಿಲ್ಲ. ಸೌತ್ ಕೆರೊಲಿನಾದಲ್ಲಿ ಸಾಸಿವೆ ಹಾಕಿದ ಹಳದಿ ಸಾಸ್. ಉತ್ತರ ಅಲಬಾಮಾದಲ್ಲಿ ಮೇಯನೇಸ್ ಮತ್ತು ವಿನೆಗರ್ ಸೇರಿಸಿದ ಬಿಳಿ ಸಾಸ್. ಡಿಕೇಟರ್ ಎಂಬ ಊರಿನಲ್ಲಿ ಬಿಗ್ ಬಾಬ್ ಗಿಬ್ಸನ್ 1925ರಲ್ಲಿ ಶುರು ಮಾಡಿದ ಹೋಟೆಲಿನಿಂದ ಅದು ಹೆಸರಾಯಿತು. ಅಲ್ಲಿ ಹೊಗೆಯಲ್ಲಿ ಬೇಯಿಸಿದ ಕೋಳಿಯನ್ನು ಇಡಿಯಾಗಿ ಆ ಸಾಸ್‌ನಲ್ಲಿ ಅದ್ದಿ ತೆಗೆಯುತ್ತಾರೆ.

ನಾವು ಬಾಟಲಿಯಲ್ಲಿ ನೋಡುವ ದಪ್ಪ, ಕೆಂಪು, ಸಿಹಿ ಸಾಸ್ ಕಾನ್ಸಾಸ್ ಸಿಟಿಯ ಕಡೆಯದು. ಆ ಊರಿನ ಬಾರ್ಬೆಕ್ಯೂ ಪರಂಪರೆ 1908ರ ಸುಮಾರಿಗೆ ಅಂಗಡಿ ತೆರೆದ ಹೆನ್ರಿ ಪೆರ್ರಿ ಅವರಿಂದ ಶುರುವಾಯಿತು ಅಂತ ಹೇಳುತ್ತಾರೆ. ತಮಾಷೆ ಅಂದರೆ ಅವರ ಸಾಸ್ ಸಿಹಿ ಇರಲಿಲ್ಲ, ನಾಲಿಗೆ ಚುರುಗುಟ್ಟುವಷ್ಟು ಖಾರ ಇತ್ತಂತೆ. ಸಿಹಿ ಬಂದಿದ್ದು ಆಮೇಲೆ. ನಾನಿಲ್ಲಿ ಹೇಳುತ್ತಿರುವುದು ಈ ಕಾನ್ಸಾಸ್ ಸಿಟಿಯ ದಪ್ಪ ಸಾಸ್‌ನ ದಾರಿಯೇ. ಆದರೆ ಸಾಮಾನು ನಮ್ಮ ಸಂತೆಯದು.

ಏನೇನು ಬೇಕು

ಇಷ್ಟಕ್ಕೆ ಸುಮಾರು ಅರ್ಧ ಲೀಟರ್ ಸಾಸ್ ಆಗುತ್ತದೆ. ಒಂದು ಕೆಜಿ ಕೋಳಿಗೆ 150 ಮಿಲಿ ಸಾಕು.

ನಾಟಿ ಟೊಮೆಟೊ 1 ಕೆಜಿ
ಈರುಳ್ಳಿ ಮಧ್ಯಮ ಗಾತ್ರದ್ದು 1
ಬೆಳ್ಳುಳ್ಳಿ 8 ಎಸಳು
ಬ್ಯಾಡಗಿ ಮೆಣಸಿನಕಾಯಿ 8, ಗುಂಟೂರು ಮೆಣಸಿನಕಾಯಿ 2
ಜೋನಿ ಬೆಲ್ಲ 120 ಗ್ರಾಂ (ಸುಮಾರು 6 ದೊಡ್ಡ ಚಮಚ)
ವಿನೆಗರ್ 60 ಮಿಲಿ, ಕೊನೆಗೆ ಹಾಕಲು ಇನ್ನೊಂದು ದೊಡ್ಡ ಚಮಚ
ಸೋಯಾ ಸಾಸ್ 1 ದೊಡ್ಡ ಚಮಚ
ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ 2 ದೊಡ್ಡ ಚಮಚ
ಕಾಳುಮೆಣಸಿನ ಪುಡಿ 1 ಟೀ ಚಮಚ, ಹುರಿದ ಜೀರಿಗೆ ಪುಡಿ 1 ಟೀ ಚಮಚ, ಲವಂಗ 2
ಎಣ್ಣೆ 2 ದೊಡ್ಡ ಚಮಚ, ಉಪ್ಪು ಒಂದೂವರೆ ಟೀ ಚಮಚ

ಈ ಪಟ್ಟಿಯಲ್ಲಿ ಒಂದೆರಡು ಸಾಮಾನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಜೋನಿ ಬೆಲ್ಲವೇ ಯಾಕೆ ಅಂದರೆ, ಅಮೆರಿಕದವರು ಈ ಸಾಸ್‌ಗೆ ಹಾಕುವುದು ಮೊಲಾಸಸ್. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ನಮ್ಮ ಮಲೆನಾಡಿನ ಜೋನಿ ಬೆಲ್ಲದಿಂದ ಸಕ್ಕರೆ ತೆಗೆದಿರುವುದಿಲ್ಲ. ಕಬ್ಬಿನ ಹಾಲನ್ನು ಕುದಿಸಿ, ಅಚ್ಚಿಗೆ ಹಾಕುವ ಹದಕ್ಕೆ ಬರುವ ಮೊದಲೇ ಇಳಿಸಿದ್ದು. ಹಾಗಾಗಿ ಕಹಿ ಕಡಿಮೆ, ಆದರೆ ಆ ಕಬ್ಬಿನ ಘಮ, ಬಣ್ಣ, ಅಂಟು ಎಲ್ಲ ಇದೆ. ದೋಸೆಗೆ ತಂದಿಟ್ಟ ಡಬ್ಬಿಯಿಂದಲೇ ತೆಗೆದುಕೊಳ್ಳಿ. ಸಿಗದಿದ್ದರೆ ಗಾಢ ಬಣ್ಣದ ಅಚ್ಚು ಬೆಲ್ಲ 110 ಗ್ರಾಂ ಪುಡಿ ಮಾಡಿ ಸ್ವಲ್ಪ ಬಿಸಿ ನೀರಲ್ಲಿ ಕರಗಿಸಿ, ಸೋಸಿ ಹಾಕಿ. ಸೋಸುವುದು ಮರೆಯಬೇಡಿ, ಮರಳು ಸಿಕ್ಕೀತು. ಹಳದಿ ಹಳದಿಯಾಗಿ ಹೊಳೆಯುವ ಬೆಲ್ಲದಲ್ಲಿ ಈ ಕೆಲಸಕ್ಕೆ ಬೇಕಾದ ಘಮ ಇರುವುದಿಲ್ಲ.

ಬ್ಯಾಡಗಿ ಇಲ್ಲದೆ ಈ ಸಾಸ್ ಮಾಡಬೇಡಿ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯದ್ದೇ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದ್ದು ಸುಮ್ನೆ ಅಲ್ಲ. ಬಣ್ಣ ಭರ್ತಿ, ಖಾರ ಸಾಧಾರಣ. ಡಬ್ಬಿ, ಕಡ್ಡಿ ಅಂತ ಎರಡು ಬಗೆ ಬರುತ್ತವೆ. ಗುಂಡಗೆ ಉಬ್ಬಿಕೊಂಡಿರುವ ಡಬ್ಬಿ ಸಿಕ್ಕರೆ ಅದನ್ನೇ ತನ್ನಿ. ಖಾರದ ಕೆಲಸ ಗುಂಟೂರಿನ ಎರಡು ಕಾಯಿ ನೋಡಿಕೊಳ್ಳುತ್ತದೆ. ಮಕ್ಕಳು ತಿನ್ನುವುದಾದರೆ ಅದನ್ನು ಬಿಡಿ.

ಟೊಮೆಟೊ ನಾಟಿಯೇ ಇರಲಿ. ಹುಳಿ ಇರುತ್ತದೆ, ರಸ ಇರುತ್ತದೆ. ಗಟ್ಟಿ ಸಿಪ್ಪೆಯ ಫಾರಂ ಟೊಮೆಟೊ ಆದರೆ ವಿನೆಗರ್ ಒಂದು ಚಮಚ ಹೆಚ್ಚು ಬೇಕಾಗುತ್ತದೆ. ಹುಣಸೆಹಣ್ಣು ಹಾಕಬಹುದಲ್ವಾ ಅಂತ ಕೇಳಬಹುದು. ಹಾಕಿ ನೋಡಿದ್ದೇನೆ, ಚೆನ್ನಾಗೇ ಇರುತ್ತದೆ. ಆದರೆ ಆಗ ಅದು ನಿಜವಾಗಿ ಗೊಜ್ಜೇ ಆಗಿಬಿಡುತ್ತದೆ. ಮೂಗಿಗೆ ಬಡಿಯುವ ವಿನೆಗರ್ ಘಾಟೇ ಬಾರ್ಬೆಕ್ಯೂ ಸಾಸ್‌ನ ಗುರುತು.

ಕಾಫಿ ಡಿಕಾಕ್ಷನ್ ನೋಡಿ ಹುಬ್ಬೇರಿಸಬೇಡಿ. ಅಮೆರಿಕದಲ್ಲೂ ಹಾಕುವವರಿದ್ದಾರೆ. ಕಾಫಿಯ ರುಚಿ ಬರುವುದಿಲ್ಲ. ಮೊಲಾಸಸ್‌ನಲ್ಲಿದ್ದು ಜೋನಿ ಬೆಲ್ಲದಲ್ಲಿ ಇಲ್ಲದ ಆ ಸಣ್ಣ ಕಹಿಯನ್ನು ಅದು ತುಂಬಿಕೊಡುತ್ತದೆ.

ಅಮೆರಿಕದಲ್ಲಿದ್ದು ಮನೆಯ ಹಿತ್ತಲಲ್ಲಿ ಗ್ರಿಲ್ ಇಟ್ಟುಕೊಂಡವರಿಗೆ ಒಂದು ಮಾತು: ಅಲ್ಲಿ ಜೋನಿ ಬೆಲ್ಲ ಹುಡುಕುವ ಬದಲು ಮೊಲಾಸಸ್ 60 ಗ್ರಾಂ, ಬ್ರೌನ್ ಶುಗರ್ 60 ಗ್ರಾಂ ಹಾಕಿ, ಡಿಕಾಕ್ಷನ್ ಬಿಡಿ. ಬ್ಲ್ಯಾಕ್‌ಸ್ಟ್ರ್ಯಾಪ್ ಅಂತ ಬರೆದಿರುವ ಮೊಲಾಸಸ್ ಬೇಡ, ಬಾಯಿ ಕಹಿ ಮಾಡುತ್ತದೆ. ಟೊಮೆಟೊಗೆ 800 ಗ್ರಾಂನ ಒಂದು ಡಬ್ಬಿ ಸಾಕು.

ಮಾಡುವುದು

ಮೆಣಸಿನಕಾಯಿಯ ತೊಟ್ಟು ಮುರಿದು, ಬೀಜ ಉದುರಿಸಿ, ಕುದಿಯುವ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ. ಟೊಮೆಟೊಗಳನ್ನು ತೊಳೆದು ಇಡಿಯಾಗಿ ಬಿಸಿ ನೀರಲ್ಲಿ ಐದು ನಿಮಿಷ ಬೇಯಿಸಿ. ಸಿಪ್ಪೆ ಬಿರಿದ ಮೇಲೆ ಆರಿಸಿ ಸುಲಿದು, ಮಿಕ್ಸಿಗೆ ಹಾಕಿ ರುಬ್ಬಿ, ಜರಡಿಯಲ್ಲಿ ಸೋಸಿ. ಬೀಜ ಉಳಿದರೆ ಮಾಂಸದ ಮೇಲೆ ಹಚ್ಚಿದಾಗ ಸುಟ್ಟು ಕಹಿಯಾಗುತ್ತದೆ. ಸೋಮಾರಿತನದಲ್ಲಿ ನಾನು ಒಮ್ಮೆ ಸೋಸದೆ ಮಾಡಿದ್ದೆ. ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಂತೆ ಆಗುತ್ತಿತ್ತು.

ದಪ್ಪ ತಳದ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಬಾಣಲೆ ಬೇಡ, ಕಲಾಯಿ ಹೋದ ಹಿತ್ತಾಳೆ ಪಾತ್ರೆ ಅಂತೂ ಬೇಡವೇ ಬೇಡ. ಇಷ್ಟು ಹುಳಿ ಇಷ್ಟು ಹೊತ್ತು ಕುದ್ದರೆ ಲೋಹವೂ ಅದರೊಳಗೆ ಬರುತ್ತದೆ.

ಎಣ್ಣೆ ಬಿಸಿ ಮಾಡಿ ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ. ಇಲ್ಲಿ ಅವಸರ ಮಾಡಬೇಡಿ. ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಜೇನಿನ ಬಣ್ಣ ಬರುವವರೆಗೂ ಬಾಡಿಸಿ. ಬೆಳ್ಳುಳ್ಳಿಯನ್ನು ಕೊನೆಯ ಎರಡು ನಿಮಿಷಕ್ಕೆ ಹಾಕಿ. ಬೆಳ್ಳುಳ್ಳಿ ಕಂದು ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ಚೆಲ್ಲಿ, ಹೊಸದಾಗಿ ಶುರು ಮಾಡಿ. ಸುಟ್ಟ ಬೆಳ್ಳುಳ್ಳಿಯ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗುವುದಿಲ್ಲ.

ಈ ಈರುಳ್ಳಿ, ನೆನೆದ ಮೆಣಸಿನಕಾಯಿ, ಲವಂಗ ಮೂರನ್ನೂ ಒಂದು ಹಿಡಿ ಟೊಮೆಟೊ ರಸದ ಜೊತೆ ನುಣ್ಣಗೆ ರುಬ್ಬಿ. ನುಣ್ಣಗೆ ಅಂದರೆ ಬೆರಳ ನಡುವೆ ತಿಕ್ಕಿದರೆ ಏನೂ ಸಿಗಬಾರದು.

ಈಗ ಅದೇ ಪಾತ್ರೆಗೆ ಟೊಮೆಟೊ ರಸ ಮಾತ್ರ ಹಾಕಿ ಮೊದಲು ಕುದಿಸಿ. ಅರ್ಧಕ್ಕೆ ಇಳಿಯಬೇಕು. 25 ರಿಂದ 30 ನಿಮಿಷ ಆಗಬಹುದು. ಬೆಲ್ಲವನ್ನು ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಉಪ್ಪನ್ನು ಮೊದಲೇ ಹಾಕಿದರೆ ಬತ್ತಿದ ಮೇಲೆ ಎಷ್ಟು ಉಪ್ಪಾಗುತ್ತದೆ ಅನ್ನುವ ಅಂದಾಜು ಸಿಗುವುದಿಲ್ಲ. ಅರ್ಧಕ್ಕೆ ಇಳಿದ ಮೇಲೆ ರುಬ್ಬಿದ ಮಸಾಲೆ, ಬೆಲ್ಲ, 60 ಮಿಲಿ ವಿನೆಗರ್, ಸೋಯಾ ಸಾಸ್, ಡಿಕಾಕ್ಷನ್, ಕಾಳುಮೆಣಸು, ಜೀರಿಗೆ, ಉಪ್ಪು ಎಲ್ಲ ಸೇರಿಸಿ. ಸಣ್ಣ ಉರಿಯಲ್ಲಿ ಇನ್ನೊಂದು 20 ನಿಮಿಷ ಇಡಿ.

ಈ ಹಂತದಲ್ಲಿ ಸಾಸ್ 'ಬೊಳ್ ಬೊಳ್' ಅಂತ ಸಿಡಿಯಲು ಶುರುವಾಗುತ್ತದೆ. ಬಿಸಿ ಬೆಲ್ಲದ ಹನಿ ಕೈ ಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮುಚ್ಚಳ ಮುಚ್ಚಿದರೆ ಬತ್ತುವುದಿಲ್ಲ. ಹಿಟ್ಟಿನ ಜರಡಿಯನ್ನು ಬೋರಲಾಗಿ ಪಾತ್ರೆಯ ಮೇಲಿಡಿ. ಹಬೆ ಹೋಗುತ್ತದೆ, ಹನಿ ಹಾರುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ತಳದಿಂದ ಕೈಯಾಡಿಸಿ.

ಹದ ನೋಡುವುದು ಹೀಗೆ. ಫ್ರಿಜ್‌ನಲ್ಲಿಟ್ಟ ತಣ್ಣನೆಯ ತಟ್ಟೆಯ ಮೇಲೆ ಒಂದು ಚಮಚ ಸಾಸ್ ಹಾಕಿ, ಅರ್ಧ ನಿಮಿಷ ಬಿಟ್ಟು ತಟ್ಟೆ ವಾಲಿಸಿ. ಸಾಸ್‌ನ ಅಂಚಿನಿಂದ ನೀರು ಬೇರೆಯಾಗಿ ಹರಿದರೆ ಇನ್ನೂ ಕುದಿಯಬೇಕು. ಸಾಸೆಲ್ಲ ಒಟ್ಟಾಗಿ ನಿಧಾನಕ್ಕೆ ಜಾರಿದರೆ ಆಯಿತು. ಜಾರುವುದೇ ಇಲ್ಲ ಅಂದರೆ ಹದ ಮೀರಿದೆ, ಎರಡು ಚಮಚ ಬಿಸಿ ನೀರು ಹಾಕಿ. ಬಿಸಿಯಲ್ಲಿ ತೆಳುವಾಗಿ ಕಂಡದ್ದು ಆರಿದ ಮೇಲೆ ಗಟ್ಟಿಯಾಗುತ್ತದೆ ಅನ್ನುವುದು ನೆನಪಿರಲಿ.

ಒಲೆ ಆರಿಸಿದ ಮೇಲೆ ಉಳಿದ ಒಂದು ಚಮಚ ವಿನೆಗರ್ ಹಾಕಿ ಕಲಸಿ. ಮೊದಲು ಹಾಕಿದ ವಿನೆಗರ್‌ನ ಘಾಟು ಕುದಿಯುವಾಗ ಅರ್ಧ ಹಾರಿಹೋಗಿರುತ್ತದೆ. ಅದನ್ನು ಈ ಕೊನೆಯ ಚಮಚ ವಾಪಸ್ ತರುತ್ತದೆ.

ರುಚಿ ನೋಡುವಾಗ ಬೆರಳಿಗೆ ಹಚ್ಚಿ ನೆಕ್ಕಬೇಡಿ. ಹಾಗೆ ನೋಡಿದರೆ ಈ ಸಾಸ್ ಯಾವಾಗಲೂ ಜಾಸ್ತಿ ಅನ್ನಿಸುತ್ತದೆ, ಹುಳಿ ಜಾಸ್ತಿ, ಸಿಹಿ ಜಾಸ್ತಿ. ಒಂದು ತುಂಡು ಬ್ರೆಡ್ಡಿಗೋ ಬೇಯಿಸಿದ ಕೋಳಿಗೋ ಹಚ್ಚಿ ತಿಂದು ನೋಡಿ. ಸಿಹಿ ಮುಂದಾದರೆ ಅರ್ಧ ಚಮಚ ವಿನೆಗರ್. ಹುಳಿ ಮುಂದಾದರೆ ಒಂದು ಚಮಚ ಬೆಲ್ಲ. ಎರಡೂ ಸರಿ ಇದ್ದು ಏನೋ ಕಮ್ಮಿ ಅನ್ನಿಸಿದರೆ ನೂರಕ್ಕೆ ತೊಂಬತ್ತು ಸಲ ಅದು ಉಪ್ಪು.

ಹೊಗೆ

ಮಾಂಸವನ್ನು ಇದ್ದಿಲಿನ ಮೇಲೆ ಸುಡುವವರು ಈ ಭಾಗ ಬಿಡಬಹುದು. ತವಾ, ಓವನ್ ಬಳಸುವವರು ಸಾಸ್‌ಗೇ ಹೊಗೆ ಕೊಡಿ. ತೆಂಗಿನ ಚಿಪ್ಪಿನ ಇದ್ದಿಲಿನ ಒಂದು ತುಂಡನ್ನು ಕೆಂಪಗೆ ಕಾಯಿಸಿ. ಸಾಸ್‌ನ ಪಾತ್ರೆಯ ಮಧ್ಯೆ ಸಣ್ಣ ಸ್ಟೀಲ್ ಬಟ್ಟಲಿಟ್ಟು, ಕೆಂಡವನ್ನು ಅದರಲ್ಲಿಟ್ಟು, ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟು ತಕ್ಷಣ ಮುಚ್ಚಿ. ಐದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಸೌದೆ ಒಲೆಯ ಗೋಡೆ ನೆಕ್ಕಿದಂತಿರುತ್ತದೆ. ಕಿಟಕಿ ತೆಗೆದಿಡಿ. ಕೆಂಡದ ಒಲೆಯನ್ನಂತೂ ಯಾವ ಕಾರಣಕ್ಕೂ ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಹಚ್ಚಬೇಡಿ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಹಚ್ಚುವುದು ಯಾವಾಗ

ನನ್ನ ತಾರಸಿಯ ಕಥೆ ಇಲ್ಲಿಗೆ ಬರುತ್ತದೆ. ಸಾಸ್‌ನಲ್ಲಿ ಸಕ್ಕರೆ ಅಂಶ ಜಾಸ್ತಿ. ಸಕ್ಕರೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕಂದು ತಿರುಗಲು ಶುರುವಾಗಿ, ಇನ್ನೂ ಬಿಸಿಯಾದರೆ ಸುಟ್ಟು ಕಹಿಯಾಗುತ್ತದೆ. ಕೆಂಡದ ಮೇಲಿನ ಜಾಲರಿ ಅದಕ್ಕಿಂತ ಎಷ್ಟೋ ಬಿಸಿ. ಕೋಳಿ ಕಾಲು ಒಳಗೆ ಬೇಯಲು ಮುಕ್ಕಾಲು ಗಂಟೆ ಬೇಕು. ಸಾಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಹಾಗಾಗಿ ಸಾಸ್ ಹಚ್ಚುವುದು ಕೊನೆಯ ಹತ್ತು ನಿಮಿಷ ಮಾತ್ರ.

ಕೋಳಿಗೆ ಮೊದಲು ಉಪ್ಪು, ಕಾಳುಮೆಣಸು, ಸ್ವಲ್ಪ ಎಣ್ಣೆ ಹಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಮೊಸರು, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಗರಂ ಮಸಾಲೆ ಇವೆಲ್ಲ ಬೇಡ. ಅದು ತಂದೂರಿಯ ದಾರಿ, ಆ ಮಸಾಲೆ ಈ ಸಾಸ್ ಜೊತೆ ಜಗಳ ಆಡುತ್ತದೆ. ಇದ್ದಿಲನ್ನು ಒಲೆಯ ಒಂದೇ ಬದಿಗೆ ರಾಶಿ ಮಾಡಿ, ಮೇಲೆ ಬೂದಿ ಕಟ್ಟುವವರೆಗೆ ಕಾಯಿರಿ. ಜಾಲರಿಗೆ ಎಣ್ಣೆ ಸವರಲು ದೋಸೆ ಕಾವಲಿಯ ಉಪಾಯವೇ ಸಾಕು: ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಉಜ್ಜಿ. ಕೋಳಿಯನ್ನು ಕೆಂಡ ಇಲ್ಲದ ಬದಿಗೆ ಇಟ್ಟು ಮುಚ್ಚಿ, ಆಗಾಗ ತಿರುಗಿಸುತ್ತ 35 ನಿಮಿಷ ಬೇಯಿಸಿ. ಆಮೇಲೆ ತೆಳುವಾಗಿ ಒಂದು ಕೋಟ್ ಸಾಸ್. ಮೂರು ನಿಮಿಷ ಬಿಟ್ಟು ತಿರುಗಿಸಿ ಇನ್ನೊಂದು ಕೋಟ್. ಮತ್ತೆ ಮೂರು ನಿಮಿಷಕ್ಕೆ ಮೂರನೆಯದು. ಒಂದೇ ಸಲ ದಪ್ಪಗೆ ಮೆತ್ತಿದ್ದು ಜಾರಿ ಕೆಂಡಕ್ಕೆ ಬೀಳುತ್ತದೆ. ತೆಳುವಾಗಿ ಮೂರು ಸಲ ಹಚ್ಚಿದ್ದು ಒಂದರ ಮೇಲೊಂದು ಒಣಗಿ, ಹೊಳೆಯುತ್ತ, ಬೆರಳಿಗೆ ಅಂಟುವ ಪದರ ಆಗುತ್ತದೆ. ಕೊನೆಗೆ ಅರ್ಧ ನಿಮಿಷ ಕೆಂಡದ ನೇರ ಮೇಲೆ ಎಳೆದು ತಂದರೆ ಅಂಚುಗಳು ಅಲ್ಲಲ್ಲಿ ಕಪ್ಪಾಗುತ್ತವೆ. ಕಪ್ಪು ಬೇಕಾದ್ದು ಅಷ್ಟೇ.

ಮಾಂಸದ ಥರ್ಮಾಮೀಟರ್ ಇದ್ದರೆ ಮೂಳೆಗೆ ತಾಗದಂತೆ ಚುಚ್ಚಿ ನೋಡಿ. ಕೋಳಿಯ ಒಳಗೆ 74 ಡಿಗ್ರಿ ದಾಟಿರಬೇಕು. ಸಾಸ್ ಹಚ್ಚಿದ ಮೇಲೆ ಬಣ್ಣ ನೋಡಿ ಬೆಂದಿದೆಯೋ ಇಲ್ಲವೋ ಹೇಳಲಾಗುವುದಿಲ್ಲ, ಆ ಪಾಠವನ್ನು ನಾನು ಭಾವನ ಮುಂದೆ ಕಲಿತಿದ್ದೇನೆ. ಓವನ್‌ನಲ್ಲಿ ಆದರೆ 200 ಡಿಗ್ರಿಯಲ್ಲಿ 35 ನಿಮಿಷ, ಆಮೇಲೆ ಸಾಸ್ ಹಚ್ಚಿ ಇನ್ನು ಎಂಟು ಹತ್ತು ನಿಮಿಷ.

ಇನ್ನೊಂದು ಮುಖ್ಯವಾದ ಮಾತು. ಹಚ್ಚುವ ಸಾಸನ್ನು ಸಣ್ಣ ಬಟ್ಟಲಿಗೆ ಬೇರೆ ತೆಗೆದಿಟ್ಟುಕೊಳ್ಳಿ. ಬ್ರಷ್ ಪೂರ್ತಿ ಬೇಯದ ಮಾಂಸ ಮುಟ್ಟಿ ಬಟ್ಟಲಿಗೆ ವಾಪಸ್ ಬರುತ್ತದಲ್ಲ, ಆ ಬಟ್ಟಲಲ್ಲಿ ಉಳಿದದ್ದನ್ನು ಬಾಟಲಿಗೆ ಸುರಿಯಬಾರದು, ತಟ್ಟೆಗೂ ಬಡಿಸಬಾರದು. ತಿನ್ನುವಾಗ ಅದ್ದಿಕೊಳ್ಳಲು ಬೇರೆ ಸಾಸ್ ಕೊಡಿ.

ಹಂದಿ, ಮಟನ್, ಪನೀರ್

ಹಂದಿ ಮಾಂಸಕ್ಕೆ ಈ ಸಾಸ್ ಹೇಳಿ ಮಾಡಿಸಿದ್ದು. ಕೊಬ್ಬಿಗೆ ಹುಳಿ ಬೇಕೇ ಬೇಕು, ಕೊಡಗಿನವರು ಪಂದಿ ಕರಿಗೆ ಕಾಚಂಪುಳಿ ಹಾಕುವುದೂ ಅದಕ್ಕೇ. ಹಂದಿಗೆ ನಾನು ಕೆಲವು ಸಲ ಈ ದಪ್ಪ ಸಾಸ್ ಬಿಟ್ಟು ಕೆರೊಲಿನಾದ ತೆಳು ಸಾಸ್ ಮಾಡುತ್ತೇನೆ, ಒಲೆಯೇ ಬೇಡ. ಬಾಟಲಿಗೆ ವಿನೆಗರ್ 200 ಮಿಲಿ, ನೀರು 50 ಮಿಲಿ, ಬೆಲ್ಲದ ಪುಡಿ ಒಂದು ದೊಡ್ಡ ಚಮಚ, ಕುಟ್ಟಿದ ಒಣಮೆಣಸು ಎರಡು ಟೀ ಚಮಚ, ಕಾಳುಮೆಣಸು ಒಂದು ಟೀ ಚಮಚ, ಉಪ್ಪು ಒಂದೂವರೆ ಟೀ ಚಮಚ ಹಾಕಿ ಕುಲುಕಿ ಒಂದು ರಾತ್ರಿ ಬಿಡಿ. ಮನೆಯಲ್ಲಿ ಕಾಚಂಪುಳಿ ಇದ್ದರೆ ಒಂದು ಟೀ ಚಮಚ ಸೇರಿಸಿ. ಕೆರೊಲಿನಾದವರು ಒಪ್ಪುತ್ತಾರೋ ಇಲ್ಲವೋ, ರುಚಿ ಮಾತ್ರ ಭರ್ಜರಿ.

ಮಟನ್ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹ ಇಲ್ಲ. ನಮ್ಮ ಆಡಿನ ಮಾಂಸಕ್ಕೆ ಸಿಹಿ ಅಷ್ಟಾಗಿ ಹೊಂದುವುದಿಲ್ಲ. ಮಾಡಲೇಬೇಕಿದ್ದರೆ ಚಾಪ್ಸ್ ಅನ್ನು ಮೊದಲು ಕುಕ್ಕರ್‌ನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಸಾಸ್‌ನಲ್ಲಿ ಬೆಲ್ಲ ಅರ್ಧ ಮಾಡಿ ಕಾಳುಮೆಣಸು ಎರಡರಷ್ಟು ಹಾಕಿ. ಮೀನಿಗೆ ಬೇಡ, ಮೀನಿನ ರುಚಿ ಮುಳುಗಿಹೋಗುತ್ತದೆ. ಮಾಂಸ ತಿನ್ನದವರು ಜೊತೆಗಿದ್ದರೆ ಪನೀರ್, ಅನಾನಸ್, ಮುಸುಕಿನ ಜೋಳಕ್ಕೆ ಇದೇ ಸಾಸ್ ಹಚ್ಚಿ, ಬೇರೆ ಜಾಲರಿ ಬೇರೆ ಬ್ರಷ್ ಇಟ್ಟುಕೊಂಡು. ಅನಾನಸ್ ಹೋಳಿನ ಮೇಲೆ ಈ ಸಾಸ್ ಬಿದ್ದರೆ ಕೋಳಿ ತಿನ್ನುವವರೂ ಆ ಕಡೆ ಕೈ ಚಾಚುತ್ತಾರೆ.

ಇಡುವುದು

ಗಾಜಿನ ಬಾಟಲಿಯನ್ನು ಕುದಿಯುವ ನೀರಲ್ಲಿ ಹತ್ತು ನಿಮಿಷ ಇಟ್ಟು, ಪೂರ್ತಿ ಒಣಗಿಸಿ, ಸಾಸ್ ಬಿಸಿ ಇರುವಾಗಲೇ ತುಂಬಿ. ಆರಿದ ಮೇಲೆ ಫ್ರಿಜ್‌ಗೆ. ಹುಳಿ ಇದೆ, ಬೆಲ್ಲ ಇದೆ, ಉಪ್ಪಿನಕಾಯಿ ಹಾಗೆ ಹೊರಗೇ ಇಡಬಹುದು ಅಂದುಕೊಳ್ಳಬೇಡಿ. ಉಪ್ಪಿನಕಾಯಿಯಲ್ಲಿರುವಷ್ಟು ಉಪ್ಪು ಎಣ್ಣೆ ಇದರಲ್ಲಿ ಇಲ್ಲ. ಫ್ರಿಜ್‌ನಲ್ಲಿ ಎರಡು ಮೂರು ವಾರ ಚೆನ್ನಾಗಿರುತ್ತದೆ. ಆದರೆ ಜಾಡಿಗೆ ಒದ್ದೆ ಚಮಚ ಹಾಕಬಾರದು ಅನ್ನುವ ಅಜ್ಜಿಯ ನಿಯಮ ಇಲ್ಲಿಗೂ ಅನ್ವಯ. ಜಾಸ್ತಿ ಮಾಡಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ಗಿಡಿ. ಬೇಕಾದಾಗ ನಾಲ್ಕು ತುಂಡು ತೆಗೆದು ಬಿಸಿ ಮಾಡಿದರಾಯಿತು.

ಮಾಡಿದ ದಿನವೇ ಬಳಸಬೇಡಿ. ಮೊದಲ ದಿನ ವಿನೆಗರ್ ಒಂದು ಕಡೆ, ಬೆಲ್ಲ ಒಂದು ಕಡೆ ನಿಂತಿರುತ್ತವೆ. ಮಾರನೆಯ ದಿನಕ್ಕೆ ಕೂಡಿಕೊಳ್ಳುತ್ತವೆ. ಭಾನುವಾರದ ಕೋಳಿಗೆ ಶುಕ್ರವಾರ ರಾತ್ರಿ ಸಾಸ್ ಮಾಡಿಡಿ. ಶನಿವಾರ ಬೆಳಿಗ್ಗೆ ಯಾರಾದರೂ ಅದನ್ನು ದೋಸೆಗೆ ಹಚ್ಚಿಕೊಂಡು ಅರ್ಧ ಖಾಲಿ ಮಾಡಿದರೆ ನನ್ನನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ಹಾಗಾಗಿದೆ, ಅದೂ ಭಾವನ ಕೈಯಲ್ಲಿ.